ಡೇಟನ್ನಿನ ಮೇಷ್ಟ್ರು ಮತ್ತು ನಮ್ಮ ಮಕ್ಕಳ ಪಾಠ

ಮನುಷ್ಯ ಹೇಗೆ ಹುಟ್ಟಿದ ಅನ್ನುವ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಯಾರ ಕೈಲಿದೆಯೋ, ಮನುಷ್ಯ ಹೇಗೆ ಬದುಕಬೇಕು ಅಂತ ವಿಧಿಸುವ ಅಧಿಕಾರವೂ ಅವರ ಕೈಗೇ ಬರುತ್ತದೆ. ಇದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಾಯಿಂದ ಹುಟ್ಟಿದವನು, ತೋಳಿಂದ ಹುಟ್ಟಿದವನು, ತೊಡೆಯಿಂದ ಹುಟ್ಟಿದವನು, ಪಾದದಿಂದ ಹುಟ್ಟಿದವನು ಅಂತ ಪಟ್ಟಿ ಮಾಡಿದವರು ಆ ಪಟ್ಟಿಯ ಕೊನೆಗೂ ಸೇರಿಸದೆ ಊರಾಚೆ ಇಟ್ಟ ಜನ ನಾವು. ಹಾಗಾಗಿ ಶಾಲೆಯಲ್ಲಿ ಸೃಷ್ಟಿಯ ಕಥೆ ಹೇಳಬೇಕೋ ವಿಜ್ಞಾನ ಹೇಳಬೇಕೋ ಅನ್ನುವ ಜಗಳ ದೂರದ ಅಮೆರಿಕದಲ್ಲಿ ನಡೆದಿದ್ದರೂ ಅದು ನಮಗೆ ಸಂಬಂಧಪಡದ ವಿಷಯ ಅಲ್ಲ. ನೂರು ವರ್ಷದ ಆ ಜಗಳವನ್ನು ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ಸ್ವಲ್ಪ ವಿವರವಾಗಿ ತಿಳಿಯಬೇಕು ಅಂತ ಇದನ್ನು ಬರೆಯುತ್ತಿದ್ದೇವೆ.

1925ರ ಮಾರ್ಚ್ ತಿಂಗಳು. ಅಮೆರಿಕದ ದಕ್ಷಿಣದ ಟೆನೆಸೀ ರಾಜ್ಯದಲ್ಲಿ ಒಂದು ಕಾನೂನು ಬಂತು. ಅದನ್ನು ಶಾಸನಸಭೆಗೆ ತಂದವನು ಜಾನ್ ಬಟ್ಲರ್ ಅನ್ನುವ ರೈತ. ಸರ್ಕಾರದ ದುಡ್ಡಿನಿಂದ ನಡೆಯುವ ಯಾವ ಶಾಲೆ ಕಾಲೇಜಿನಲ್ಲೂ, ಬೈಬಲ್ಲು ಹೇಳುವ ಮಾನವ ಸೃಷ್ಟಿಯ ಕಥೆಯನ್ನು ಅಲ್ಲಗಳೆದು, ಮನುಷ್ಯ ಕೆಳದರ್ಜೆಯ ಪ್ರಾಣಿಗಳಿಂದ ಬಂದ ಅಂತ ಪಾಠ ಹೇಳಕೂಡದು. ಹೇಳಿದ ಮೇಷ್ಟ್ರಿಗೆ 100ರಿಂದ 500 ಡಾಲರ್ ದಂಡ. ತಮಾಷೆ ನೋಡಿ: ಅದೇ ಸರ್ಕಾರ ಹೈಸ್ಕೂಲುಗಳಿಗೆ ಗೊತ್ತು ಮಾಡಿದ್ದ ಜೀವಶಾಸ್ತ್ರದ ಪಠ್ಯಪುಸ್ತಕದಲ್ಲೇ ಡಾರ್ವಿನ್ನನ ವಿಕಾಸವಾದದ ಪಾಠ ಇತ್ತು. ಪಾಠ ಮಾಡಿದರೆ ಅಪರಾಧ, ಮಾಡದಿದ್ದರೆ ಪಠ್ಯ ಮುಗಿಸಲಿಲ್ಲ ಅನ್ನುವ ಆಪಾದನೆ. ಮೇಷ್ಟ್ರು ಕೆಲಸ ಅಂದರೆ ಎಲ್ಲ ದೇಶದಲ್ಲೂ ಇಷ್ಟೇ ಅಂತ ಕಾಣುತ್ತೆ.

ಪೌರಹಕ್ಕುಗಳ ಸಂಘಟನೆಯೊಂದು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟಿತು: ಈ ಕಾನೂನನ್ನು ಕೋರ್ಟಿನಲ್ಲಿ ಎದುರಿಸಲು ಯಾವ ಮೇಷ್ಟ್ರಾದರೂ ಮುಂದೆ ಬಂದರೆ ಖರ್ಚು ನಮ್ಮದು. ಡೇಟನ್ ಅನ್ನುವ ಪುಟ್ಟ ಊರಿನ ಕೆಲವು ದೊಡ್ಡ ಮನುಷ್ಯರು ಔಷಧಿ ಅಂಗಡಿಯೊಂದರಲ್ಲಿ ಕೂತು ಇದನ್ನು ಓದಿದರು. ಕೇಸು ನಮ್ಮೂರಲ್ಲೇ ನಡೆದರೆ ಊರಿಗೆ ಹೆಸರೂ ಬರುತ್ತೆ, ವ್ಯಾಪಾರವೂ ಆಗುತ್ತೆ ಅಂತ ಲೆಕ್ಕ ಹಾಕಿದರು. ಜಾನ್ ಸ್ಕೋಪ್ಸ್ ಅನ್ನುವ 24 ವರ್ಷದ ಹುಡುಗನನ್ನು ಕರೆಸಿದರು. ಅವನು ಫುಟ್‌ಬಾಲ್ ಕಲಿಸುವವನು, ಸಾಮಾನ್ಯ ವಿಜ್ಞಾನದ ಮೇಷ್ಟ್ರು; ಜೀವಶಾಸ್ತ್ರದ ಮೇಷ್ಟ್ರು ಬಾರದಿದ್ದಾಗ ಬದಲಿಗೆ ಹೋಗಿದ್ದವನು. ಆ ಪುಸ್ತಕದಿಂದ ಪಾಠ ಮಾಡಿದ್ದೀಯಾ ಅಂದರು. ಮಾಡಿದ್ದೀನಿ ಅಂದ. ಹಾಗಾದರೆ ಆರೋಪಿ ಆಗ್ತೀಯಾ ಅಂದರು. ಒಪ್ಪಿಕೊಂಡ. ಪುಸ್ತಕ ಮಾರಾಟಕ್ಕಿದ್ದದ್ದೂ ಅದೇ ಅಂಗಡಿಯಲ್ಲಿ. ಅಂಗಡಿಯ ಮಾಲೀಕ ಸ್ಥಳೀಯ ಶಾಲಾ ಮಂಡಳಿಯ ಅಧ್ಯಕ್ಷ!

ಜುಲೈ 10ರಂದು ವಿಚಾರಣೆ ಶುರುವಾಯಿತು. ಊರು ಜಾತ್ರೆಯಾಯಿತು. ಬೀದಿಗೆ ಚಿಂಪಾಂಜಿ ಬಂತು, ಬೈಬಲ್ ಮಾರುವವರು ಬಂದರು, ದೇಶದ ಪತ್ರಕರ್ತರೆಲ್ಲ ಬಂದರು. ಷಿಕಾಗೋದ ರೇಡಿಯೋ ಕೇಂದ್ರವೊಂದು ಕೋರ್ಟಿನ ಕಲಾಪವನ್ನೇ ನೇರವಾಗಿ ಬಿತ್ತರಿಸಿತು. ಸರ್ಕಾರದ ಪರ ನಿಂತವನು ಮೂರು ಸಲ ಅಧ್ಯಕ್ಷ ಪದವಿಗೆ ನಿಂತು ಸೋತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಮೇಷ್ಟ್ರ ಪರ ಕ್ಲಾರೆನ್ಸ್ ಡ್ಯಾರೋ, ಆ ಕಾಲದ ಹೆಸರಾಂತ ವಕೀಲ. ಪಾಠ ಕೇಳಿದ್ದ ಹುಡುಗರನ್ನು ಸಾಕ್ಷಿಗೆ ಕರೆದರು. ಹದಿನಾಲ್ಕು ವರ್ಷದ ಹುಡುಗನೊಬ್ಬ, ಮನುಷ್ಯನೂ ಮೊಲೆಯೂಡಿಸುವ ಪ್ರಾಣಿಗಳ ಗುಂಪಿಗೆ ಸೇರಿದವನು ಅಂತ ಮೇಷ್ಟ್ರು ಹೇಳಿದ್ದನ್ನು ಚಾಚೂ ತಪ್ಪದೆ ಒಪ್ಪಿಸಿದ. ಇದರಿಂದ ನಿನಗೇನಾದರೂ ಕೆಡುಕಾಯಿತಾ ಅಂತ ಡ್ಯಾರೋ ಕೇಳಿದ. ಇಲ್ಲ ಅಂದ ಹುಡುಗ. ಇಡೀ ಮೊಕದ್ದಮೆಯಲ್ಲಿ ತೂಕದ ಮಾತು ಅಂದರೆ ನಮಗೆ ಇದೇ. ವಿಜ್ಞಾನಿಗಳ ಸಾಕ್ಷ್ಯ ಜ್ಯೂರಿಯವರ ಕಿವಿಗೆ ಬೀಳಲು ನ್ಯಾಯಾಧೀಶ ಬಿಡಲಿಲ್ಲ. ಕೊನೆಗೆ ಡ್ಯಾರೋ ಎದುರುಪಕ್ಷದ ಬ್ರಯನ್ನನನ್ನೇ ಸಾಕ್ಷಿಗೆ ಕೂರಿಸಿ, ಬಯಲಲ್ಲಿ, ಮರದ ನೆರಳಲ್ಲಿ ಜನರ ಮುಂದೆ ಪ್ರಶ್ನೆ ಕೇಳಿದ. ಆರು ದಿನದ ಸೃಷ್ಟಿ ಅಂದರೆ ಒಂದೊಂದು ದಿನವೂ 24 ಗಂಟೆಯದೇ ಆಗಬೇಕಾಗಿಲ್ಲ ಅಂತ ಬ್ರಯನ್ ಬಾಯಿಂದಲೇ ಬಂತು. ಅಂದರೆ ಅಕ್ಷರಶಃ ನಂಬಬೇಕು ಅನ್ನುವವನೂ ಅರ್ಥ ಮಾಡಿಕೊಂಡೇ ಓದುತ್ತಿದ್ದ. ಜ್ಯೂರಿಯ ಹನ್ನೆರಡು ಜನ ಒಂಬತ್ತೇ ನಿಮಿಷದಲ್ಲಿ ಮೇಷ್ಟ್ರು ತಪ್ಪಿತಸ್ಥ ಅಂದರು. ದಂಡ 100 ಡಾಲರ್. ಐದು ದಿನಕ್ಕೆ ಬ್ರಯನ್ ತೀರಿಕೊಂಡ. 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, 50 ಡಾಲರಿಗೆ ಮೇಲ್ಪಟ್ಟ ದಂಡವನ್ನು ನ್ಯಾಯಾಧೀಶನಲ್ಲ, ಜ್ಯೂರಿಯವರು ಹಾಕಬೇಕಿತ್ತು ಅಂತ ನೆಪ ಹೇಳಿ ಶಿಕ್ಷೆ ರದ್ದು ಮಾಡಿತು. ಕಾನೂನನ್ನು ಮಾತ್ರ ಮುಟ್ಟಲಿಲ್ಲ.

ಇಷ್ಟು ಕಥೆ ಎಲ್ಲ ಕಡೆ ಹೇಳುತ್ತಾರೆ. ಒಂದು ಕಡೆ ಮೂಢರು, ಇನ್ನೊಂದು ಕಡೆ ಬುದ್ಧಿವಂತರು ಅಂತ ಪೇಟೆಯ ಪತ್ರಕರ್ತರು ಆಗಲೇ ಬರೆದು ಹಳ್ಳಿಯವರನ್ನು ಗೇಲಿ ಮಾಡಿ ಹೋದರು. ನಾವು ಇಲ್ಲಿಗೇ ನಿಲ್ಲಬಾರದು. ಸ್ಕೋಪ್ಸ್ ಮೇಷ್ಟ್ರ ಕೈಲಿದ್ದ ಆ ಪಠ್ಯಪುಸ್ತಕವನ್ನು ಬಿಡಿಸಿ ನೋಡಬೇಕು.

ಅದು ಜಾರ್ಜ್ ಹಂಟರ್ ಅನ್ನುವವನು ಬರೆದು 1914ರಲ್ಲಿ ಅಚ್ಚಾದ ಪುಸ್ತಕ. ಅದರಲ್ಲಿ ವಿಕಾಸವಾದ ಇದೆ, ನಿಜ. ಜೊತೆಗೆ ಮನುಷ್ಯರಲ್ಲಿ ಐದು ಜನಾಂಗಗಳನ್ನು ಎಣಿಸಿ, ಎಲ್ಲಕ್ಕಿಂತ ಮೇಲಿನ ಮಾದರಿ ಯೂರೋಪು ಅಮೆರಿಕಗಳ ಬಿಳಿಯರು ಅಂತ ಮಕ್ಕಳಿಗೆ ಪಾಠ ಹೇಳಿದ್ದಾನೆ. ಬಡತನ, ಕುಡಿತ, ಅಪರಾಧ ಎಲ್ಲ ಕೆಲವು ಕುಟುಂಬಗಳ ರಕ್ತದಲ್ಲೇ ಬರುತ್ತೆ, ಅಂಥವರು ಸಮಾಜಕ್ಕೆ ಬಂದಳಿಕೆ ಇದ್ದ ಹಾಗೆ, ಅವರ ಸಂತಾನ ಬೆಳೆಯದಂತೆ ನೋಡಿಕೊಳ್ಳಬೇಕು ಅನ್ನುವ ಸುಜನನಶಾಸ್ತ್ರವೂ ಅದೇ ಪುಸ್ತಕದಲ್ಲಿದೆ. ಇದೇನು ಪುಸ್ತಕದ ಬದನೆಕಾಯಿ ಆಗಿ ಉಳಿಯಲಿಲ್ಲ. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವರ್ಜೀನಿಯಾದ ಕ್ಯಾರಿ ಬಕ್ ಅನ್ನುವ ಬಡ ಹೆಣ್ಣುಮಗಳಿಗೆ ಬಲವಂತದ ಸಂತಾನಹರಣ ಮಾಡುವುದು ಸರಿ ಅಂತ ತೀರ್ಪು ಕೊಟ್ಟಿತು. ಇಪ್ಪತ್ತನೇ ಶತಮಾನದಲ್ಲಿ ಆ ದೇಶದಲ್ಲಿ ಹೀಗೆ ಸಂತಾನ ಕಳೆದುಕೊಂಡವರು 60,000ಕ್ಕೂ ಹೆಚ್ಚು. ಮತಗ್ರಂಥದ ಏಣಿಯನ್ನು ಕಿತ್ತುಹಾಕಿ ಅದೇ ಜಾಗದಲ್ಲಿ ವಿಜ್ಞಾನದ ಹೆಸರಿನ ಏಣಿ ನಿಲ್ಲಿಸಿದರೆ, ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ಏನು ಬಂತು?

ಕರಿಯರು ಇದನ್ನು ಹೇಗೆ ನೋಡಿದರು ಅನ್ನುವುದು ಇಲ್ಲಿ ಮುಖ್ಯ. ಟೆನೆಸೀ ರಾಜ್ಯದಲ್ಲಿ ಆಗ ಕರಿಯ ಮಕ್ಕಳೂ ಬಿಳಿಯ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಕೂಡದು ಅಂತ ರಾಜ್ಯದ ಸಂವಿಧಾನದಲ್ಲೇ ಬರೆದಿತ್ತು. ಜ್ಯೂರಿಯಲ್ಲಿ ಕೂತವರೆಲ್ಲ ಬಿಳಿಯ ಗಂಡಸರು. ಕರಿಯರ ಪಾದ್ರಿಗಳಲ್ಲಿ ಅನೇಕರು ಬೈಬಲ್ಲಿನ ಕಡೆಗೇ ಇದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕರಿಯರ ಪತ್ರಿಕೆ 'ಷಿಕಾಗೋ ಡಿಫೆಂಡರ್' ಬೇರು ಹಿಡಿದು ಅಲ್ಲಾಡಿಸಿತು. ಎಲ್ಲ ಮನುಷ್ಯರ ಹುಟ್ಟೂ ಒಂದೇ ಅಂತ ಒಪ್ಪಿದರೆ, ತಾವು ಕಾಲಕಸ ಮಾಡಿಕೊಂಡವರಿಗೂ ತಮಗೂ ಮೂಲದಲ್ಲಿ ಭೇದ ಇಲ್ಲ ಅಂತ ದಕ್ಷಿಣದ ಬಿಳಿಯರು ಒಪ್ಪಬೇಕಾಗುತ್ತೆ. ಅವರ ಹೆದರಿಕೆ ಕೋತಿಯದಲ್ಲ, ಇದು ಅನ್ನುವ ಅರ್ಥದಲ್ಲಿ ಬರೆಯಿತು. ಕರಿಯರ ದೊಡ್ಡ ಚಿಂತಕ ಡುಬಾಯ್ಸ್ ತನ್ನ 'ಕ್ರೈಸಿಸ್' ಪತ್ರಿಕೆಯಲ್ಲಿ, ಡೇಟನ್ ಅನ್ನುವುದು ಯಾವುದೋ ಮೂಲೆಯ ಹಳ್ಳಿಯಲ್ಲ, ಅದೇ ಅಮೆರಿಕ ಅಂದ. ಅಂಬೇಡ್ಕರರು 1946ರಲ್ಲಿ ಕಾಗದ ಬರೆದು ಕರಿಯರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆ ಹೇಳಿಕೊಂಡದ್ದು ಇದೇ ಡುಬಾಯ್ಸ್‌ಗೆ. ಇನ್ನು ಬ್ರಯನ್. ಬಡ ರೈತರ ಪರ ಜೀವಮಾನವೆಲ್ಲ ಕೂಗಿದವನು, ಬಂಡವಾಳಗಾರರ ವೈರಿ. ಅಂಥವನು 1924ರ ತನ್ನ ಪಕ್ಷದ ಸಮ್ಮೇಳನದಲ್ಲಿ, ಕರಿಯರನ್ನು ಮರಕ್ಕೆ ನೇತುಹಾಕುವ ಕೂ ಕ್ಲಕ್ಸ್ ಕ್ಲಾನ್ ಸಂಘವನ್ನು ಹೆಸರು ಹಿಡಿದು ಖಂಡಿಸಬಾರದು ಅಂತ ಭಾಷಣ ಮಾಡಿದ. ಡ್ಯಾರೋ ಡೇಟನ್ನಿನಿಂದ ಹೊರಟು ಅದೇ ವರ್ಷದ ಕೊನೆಗೆ ಡೆಟ್ರಾಯ್ಟ್ ನಗರದಲ್ಲಿ ಬಿಳಿಯರ ಬೀದಿಯಲ್ಲಿ ಮನೆ ಕೊಂಡ ತಪ್ಪಿಗೆ ದೊಂಬಿಗೆ ಸಿಕ್ಕ ಕರಿಯ ಡಾಕ್ಟರ್ ಆಸಿಯನ್ ಸ್ವೀಟ್ ಪರ ವಾದಿಸಿದ. ಮನುಷ್ಯರನ್ನು ಅಳೆಯಲು ಇಂಥ ವಿವರಗಳು ಬೇಕಾಗುತ್ತವೆ.

ಹಂಟರನ ಏಣಿಯನ್ನು ಕಡೆಗೆ ಮುರಿದದ್ದು ಯಾವುದು? ಜೀವಶಾಸ್ತ್ರವೇ. ಇಂದಿನ ತಳಿವಿಜ್ಞಾನದ ಪ್ರಕಾರ ಭೂಮಿಯ ಮೇಲಿನ ನಾವೆಲ್ಲರೂ ಆಫ್ರಿಕಾದಿಂದ ಹೊರಟ ಪೂರ್ವಜರ ಸಂತಾನ. ಯಾವುದೇ ಇಬ್ಬರ ನಡುವೆ ತಳಿಬರಹದ ವ್ಯತ್ಯಾಸ ನೂರಕ್ಕೆ 0.1ರಷ್ಟು. ಮೇಲು ಕೀಳಿನ ಜನಾಂಗಗಳು ಅನ್ನುವುದಕ್ಕೆ ಅಲ್ಲಿ ಆಧಾರವೇ ಇಲ್ಲ. ವಿಜ್ಞಾನಕ್ಕೂ ಶಾಸ್ತ್ರಕ್ಕೂ ಇರುವ ವ್ಯತ್ಯಾಸ ಇದು. ವಿಜ್ಞಾನಿ ಸುಳ್ಳು ಹೇಳಿದರೆ ಇನ್ನೊಬ್ಬ ಬಂದು ಪುರಾವೆ ಕೇಳಬಹುದು, ಅಳಿಸಬಹುದು. ಶಾಸ್ತ್ರದಲ್ಲಿ ಅಳಿಸುವ ರಬ್ಬರು ಇಲ್ಲ. ಕೇಳಿದವನ ಕಿವಿಗೆ ಕಾದ ಸೀಸ ಇದೆ.

ಡೇಟನ್ನಿನಲ್ಲಿ ಗೆದ್ದವರು ಯಾರು ಅಂದರೆ ವಿಜ್ಞಾನ ಗೆದ್ದಿತು ಅಂತ ಬಹಳ ಜನ ಹೇಳುತ್ತಾರೆ. ಅದು ಸುಳ್ಳು. ಮಿಸಿಸಿಪ್ಪಿಯಲ್ಲಿ 1926ಕ್ಕೆ, ಆರ್ಕನ್ಸಾದಲ್ಲಿ 1928ಕ್ಕೆ ಅಂಥದೇ ಕಾನೂನು ಬಂತು; ಆರ್ಕನ್ಸಾದಲ್ಲಂತೂ ಜನರ ಓಟು ಹಾಕಿಸಿಯೇ ತಂದರು. ಇದಕ್ಕಿಂತ ದೊಡ್ಡ ಏಟು ಕೊಟ್ಟವರು ಪುಸ್ತಕದ ವ್ಯಾಪಾರಿಗಳು. ದಕ್ಷಿಣದ ರಾಜ್ಯಗಳಲ್ಲಿ ಪುಸ್ತಕ ಮಾರಾಟವಾಗಬೇಕಲ್ಲ, ಯಾಕೆ ಬೇಕು ತಂಟೆ ಅಂತ ವಿಕಾಸದ ಪಾಠವನ್ನು ತೆಳು ಮಾಡಿದರು, ಹಿಂದಿನ ಪುಟಗಳಿಗೆ ತಳ್ಳಿದರು, ಎಷ್ಟೋ ಪುಸ್ತಕಗಳಲ್ಲಿ ಎತ್ತೇ ಬಿಟ್ಟರು. ಕಾನೂನು ಇಲ್ಲದ ರಾಜ್ಯಗಳ ಮಕ್ಕಳಿಗೂ ಅದೇ ಪುಸ್ತಕ. ಸುಮಾರು ಮೂವತ್ತು ವರ್ಷ ಹೀಗೇ ನಡೆಯಿತು. ನಿಷೇಧ ಮಾಡಿದರೆ ಜಗಳ ಆಗುತ್ತೆ, ಪತ್ರಿಕೆಗೆ ಬರುತ್ತೆ. ಪಾಠವನ್ನು ಸದ್ದಿಲ್ಲದೆ ತೆಗೆದರೆ ಕೇಳುವವರೇ ಇಲ್ಲ.

1957ರಲ್ಲಿ ಎರಡು ಸಂಗತಿ ನಡೆದವು. ಸೆಪ್ಟೆಂಬರಿನಲ್ಲಿ ಆರ್ಕನ್ಸಾದ ಲಿಟಲ್ ರಾಕ್ ನಗರದ ಸೆಂಟ್ರಲ್ ಹೈಸ್ಕೂಲಿಗೆ ಹೊರಟ ಒಂಬತ್ತು ಜನ ಕರಿಯ ಮಕ್ಕಳನ್ನು ರಾಜ್ಯಪಾಲನೇ ಬಂದೂಕಿನವರನ್ನು ನಿಲ್ಲಿಸಿ ತಡೆದ. ಕೇಂದ್ರ ಸರ್ಕಾರ ಸೈನ್ಯ ಕಳಿಸಿ ಆ ಮಕ್ಕಳನ್ನು ಒಳಗೆ ಕೂರಿಸಬೇಕಾಯಿತು. ಅಕ್ಟೋಬರಿನಲ್ಲಿ ರಷ್ಯದವರು ಸ್ಪುಟ್ನಿಕ್ ಹಾರಿಸಿದರು. ಅಮೆರಿಕ ಗಾಬರಿಬಿದ್ದು ವಿಜ್ಞಾನ ಶಿಕ್ಷಣಕ್ಕೆ ದುಡ್ಡು ಸುರಿಯಿತು, ಹೊಸ ಜೀವಶಾಸ್ತ್ರದ ಪುಸ್ತಕಗಳು ಬಂದವು, ವಿಕಾಸವಾದ ವಾಪಸು ಬಂತು. 1965ರಲ್ಲಿ ಅದೇ ಸೆಂಟ್ರಲ್ ಹೈಸ್ಕೂಲಿನ ಜೀವಶಾಸ್ತ್ರದ ಮೇಡಂ ಸೂಸನ್ ಎಪರ್ಸನ್ ಕೋರ್ಟಿಗೆ ಹೋದರು: ಕೊಟ್ಟಿರುವ ಪುಸ್ತಕದ ಪಾಠ ಮಾಡಿದರೆ 1928ರ ಕಾನೂನಿನ ಪ್ರಕಾರ ನಾನು ಅಪರಾಧಿ, ಏನು ಮಾಡಲಿ? 1968ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ತೆಗೆದುಹಾಕಿತು. ಟೆನೆಸೀಯವರು ಹಿಂದಿನ ವರ್ಷವೇ ತಮ್ಮದನ್ನು ವಾಪಸು ತೆಗೆದುಕೊಂಡಿದ್ದರು.

ಆಮೇಲೆ ವೇಷ ಬದಲಾಯಿತು. ವಿಕಾಸ ಹೇಳಬೇಡಿ ಅನ್ನುವವರು, ವಿಕಾಸವನ್ನೂ ಹೇಳಿ, ನಮ್ಮದನ್ನೂ ಸಮ ಸಮ ಹೇಳಿ ಅನ್ನತೊಡಗಿದರು. ತಮ್ಮ ಕಥೆಗೆ 'ಸೃಷ್ಟಿವಿಜ್ಞಾನ' ಅಂತ ಹೆಸರಿಟ್ಟರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಎರಡೂ ಕಡೆ ಕೇಳಿ ಮಕ್ಕಳೇ ತೀರ್ಮಾನ ಮಾಡಲಿ ಅಂದರೆ ಯಾರು ಬೇಡ ಅಂತಾರೆ? 1981ರಲ್ಲಿ ಆರ್ಕನ್ಸಾ ಇದನ್ನೇ ಕಾನೂನು ಮಾಡಿತು. ವಿರುದ್ಧ ಕೋರ್ಟಿಗೆ ಹೋದವರಲ್ಲಿ ಮೊದಲ ಹೆಸರೇ ಒಬ್ಬ ಪಾದ್ರಿಯದು, ಜೊತೆಗೆ ಹಲವು ಪಂಥಗಳ ಧರ್ಮಗುರುಗಳು. ನ್ಯಾಯಾಧೀಶ ವಿಲಿಯಂ ಓವರ್ಟನ್ 1982ರ ಜನವರಿಯಲ್ಲಿ ಕೊಟ್ಟ ತೀರ್ಪನ್ನು ವಿಜ್ಞಾನದ ಮೇಷ್ಟ್ರುಗಳು ಓದಬೇಕು. ಪ್ರಕೃತಿಯ ನಿಯಮದಿಂದ ವಿವರಿಸಲು ಆಗಬೇಕು, ಪರೀಕ್ಷೆ ಮಾಡಲು ಆಗಬೇಕು, ತಪ್ಪು ಅಂತ ತೋರಿಸಲು ದಾರಿ ಇರಬೇಕು, ತೀರ್ಮಾನ ಬದಲಾಗಲು ತಯಾರಿರಬೇಕು. ಆಗ ಅದು ವಿಜ್ಞಾನ. ಸೃಷ್ಟಿವಿಜ್ಞಾನದಲ್ಲಿ ಇದು ಯಾವುದೂ ಇಲ್ಲ ಅಂದ. 1987ರಲ್ಲಿ ಲೂಯಿಸಿಯಾನಾದ ಅಂಥದೇ ಕಾನೂನನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು. 72 ಜನ ನೊಬೆಲ್ ವಿಜ್ಞಾನಿಗಳು ಆ ಮೊಕದ್ದಮೆಯಲ್ಲಿ ವಿಜ್ಞಾನದ ಪರ ಲಿಖಿತ ಹೇಳಿಕೆ ಕೊಟ್ಟಿದ್ದರು.

ಇನ್ನೊಂದು ವೇಷವೂ ಬಂತು: ದೇವರು ಅನ್ನುವ ಮಾತೇ ಬೇಡ, ಯಾರೋ ಬುದ್ಧಿವಂತ ವಿನ್ಯಾಸ ಮಾಡಿದ ಅನ್ನೋಣ. ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲಾ ಮಂಡಳಿ, ಒಂಬತ್ತನೇ ತರಗತಿಯ ಜೀವಶಾಸ್ತ್ರದ ಪಾಠಕ್ಕೆ ಮೊದಲು ಈ ಅರ್ಥದ ಹೇಳಿಕೆ ಓದಿ ಅಂತ 2004ರಲ್ಲಿ ಆಜ್ಞೆ ಮಾಡಿತು. ವಿಜ್ಞಾನದ ಮೇಷ್ಟ್ರುಗಳು ಒಟ್ಟಾಗಿ, ಓದುವುದಿಲ್ಲ ಅಂದುಬಿಟ್ಟರು. ಕೊನೆಗೆ ಆಡಳಿತದವರೇ ತರಗತಿಗೆ ಬಂದು ಓದಿಹೋದರು. ಹೆಸರಿಲ್ಲದ ಆ ಮೇಷ್ಟ್ರುಗಳ ಮೇಲೆ ನಮಗೆ ಸ್ಕೋಪ್ಸ್‌ಗಿಂತ ಹೆಚ್ಚು ಗೌರವ. ಮೊಕದ್ದಮೆಯಲ್ಲಿ, ಅವರು ಹೇಳುತ್ತಿದ್ದ ಪುಸ್ತಕದ ಹಳೆಯ ಕರಡುಗಳು ಸಿಕ್ಕಿದವು. 'ಸೃಷ್ಟಿವಾದಿಗಳು' ಅಂತ ಇದ್ದ ಕಡೆಯೆಲ್ಲ ಹೊಡೆದು 'ವಿನ್ಯಾಸವಾದಿಗಳು' ಅಂತ ತುಂಬಿದ್ದರು. ಒಂದು ಕಡೆ ಅವಸರದಲ್ಲಿ ಅರ್ಧ ಹಳೆಯದು ಅರ್ಧ ಹೊಸದು ಸೇರಿ ಹುಟ್ಟಿದ ಕಲಬೆರಕೆ ಪದವೂ ಉಳಿದುಕೊಂಡಿತ್ತು. 2005ರ ಡಿಸೆಂಬರ್ 20ರಂದು ತೀರ್ಪು ಬಂತು. ಇದು ವಿಜ್ಞಾನವಲ್ಲ, ಮತವೇ.

ಈಗ ನಮ್ಮ ಕಡೆ ಬರೋಣ. ಡೇಟನ್ನಿಗೆ 52 ವರ್ಷ ಮೊದಲೇ, 1873ರಲ್ಲಿ, ಜ್ಯೋತಿಬಾ ಫುಲೆ ಮರಾಠಿಯಲ್ಲಿ 'ಗುಲಾಮಗಿರಿ' ಬರೆದರು. ಜ್ಯೋತಿರಾವ್ ಮತ್ತು ಧೋಂಡಿಬಾ ಮಾತಾಡಿಕೊಳ್ಳುವಂತೆ ಇರುವ ಪುಸ್ತಕ. ಶುರುವಾಗುವುದೇ ಬ್ರಹ್ಮನ ಹುಟ್ಟಿಸುವಿಕೆಯಿಂದ. ಬಾಯಿಂದ ಹೆತ್ತ ಅಂತೀರಿ, ತೋಳಿಂದ ತೊಡೆಯಿಂದ ಪಾದದಿಂದ ಹೆತ್ತ ಅಂತೀರಿ, ಹಾಗಾದರೆ ಮುಟ್ಟು, ಬಸಿರು, ಹೆರಿಗೆ ಎಲ್ಲ ಎಲ್ಲೆಲ್ಲಿ ಆಯಿತು ಅಂತ ಕೇಳುತ್ತಾರೆ. ಗೇಲಿ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಅದು ಗೇಲಿಯಲ್ಲ, ಶುದ್ಧ ಜೀವಶಾಸ್ತ್ರದ ಪ್ರಶ್ನೆ. ಆ ಪುಸ್ತಕವನ್ನು ಫುಲೆ ಅರ್ಪಿಸಿದ್ದು, ಕರಿಯರನ್ನು ಗುಲಾಮಗಿರಿಯಿಂದ ಬಿಡಿಸಲು ಹೋರಾಡಿದ ಅಮೆರಿಕದ ಜನರಿಗೆ. ಅಂಬೇಡ್ಕರರು 1936ರ 'ಜಾತಿ ವಿನಾಶ'ದಲ್ಲಿ, ಜಾತಿಯಿಂದ ರಕ್ತ ಶುದ್ಧವಾಗಿ ಉಳಿಯುತ್ತೆ ಅಂತ ಸುಜನನಶಾಸ್ತ್ರ ಹೇಳಿಕೊಂಡು ಬಂದವರಿಗೆ ಜೀವಶಾಸ್ತ್ರದಿಂದಲೇ ಉತ್ತರ ಕೊಟ್ಟರು. ಹಂಟರನ ಪುಸ್ತಕದಲ್ಲಿದ್ದ ರೋಗವೇ ಇಲ್ಲಿ ಜನಿವಾರ ಹಾಕಿಕೊಂಡು ಬಂದಿತ್ತು. 1946ರ 'ಶೂದ್ರರು ಯಾರು?' ಪುಸ್ತಕದಲ್ಲಿ ಪುರುಷಸೂಕ್ತವನ್ನು ಎತ್ತಿಕೊಂಡು, ಅದು ಬರೀ ಹುಟ್ಟಿನ ಕಥೆಯಲ್ಲ, ಸಮಾಜದ ಮೇಲು ಕೀಳನ್ನು ದೈವದ ಕಟ್ಟಳೆ ಮಾಡಿದ ಕಥೆ ಅಂತ ಬಿಡಿಸಿಟ್ಟರು. ಬೈಬಲ್ಲಿನ ಆದಿಕಾಂಡದಲ್ಲಿ ಒಬ್ಬ ಆದಾಮ ಇದ್ದಾನೆ. ನಮ್ಮವರ ಕಥೆಯಲ್ಲಿ ಅಷ್ಟೂ ಇಲ್ಲ.

ಕಥೆಗಳೇ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮ ಕಂಸಾಳೆಯವರು ಇಡೀ ರಾತ್ರಿ ಹಾಡುವ ಮಾದೇಶ್ವರನ ಕಥೆಯಲ್ಲೂ ಆದಿಶಕ್ತಿ ಹುಟ್ಟಿ ತ್ರಿಮೂರ್ತಿಗಳನ್ನು ಹೆರುತ್ತಾಳೆ. ಜಗಲಿಯ ಮೇಲೆ ಕೂತು ಅದನ್ನು ಕೇಳಬೇಕು, ಕನ್ನಡದ ಪೀರಿಯಡ್ಡಿನಲ್ಲಿ ಚರ್ಚೆ ಮಾಡಬೇಕು. ವಿಜ್ಞಾನದ ಪೀರಿಯಡ್ಡಿನಲ್ಲಿ ಅಲ್ಲ. ಅಲ್ಲಿ ಮಕ್ಕಳಿಗೆ ಸೊಳ್ಳೆ ತೋರಿಸಿ. ಡಿಡಿಟಿ ಹೊಡೆದಾಗ ಸಾಯದೆ ಉಳಿದ ಸೊಳ್ಳೆಗಳೇ ಮರಿ ಮಾಡಿ, ಆಮೇಲಾಮೇಲೆ ಡಿಡಿಟಿಗೆ ಬಗ್ಗದ ಸೊಳ್ಳೆ ತುಂಬಿಕೊಂಡ ಕಥೆ ಹೇಳಿ. ಹತ್ತಿಯ ಕಾಯಿಕೊರಕ ಹುಳಕ್ಕೆ ಔಷಧಿ ನಾಟದಿರುವುದು ಯಾಕೆ ಅಂತ ರೈತರ ಮಕ್ಕಳನ್ನೇ ಕೇಳಿ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ, ಆರಿಸಿ ಆರಿಸಿ ಇಂಡಾಫ್ ತಳಿ ಮಾಡಿದ್ದನ್ನು ಹೇಳಿ. ಕೋತಿಯಿಂದ ಮನುಷ್ಯ ಬಂದಿದ್ರೆ ಕೋತಿ ಯಾಕೆ ಇನ್ನೂ ಐತೆ ಸಾರ್ ಅಂತ ಹುಡುಗ ಕೇಳೇ ಕೇಳ್ತಾನೆ. ಕೋತಿಯಿಂದ ಬಂದಿಲ್ಲ ಕಣಪ್ಪ, ಅದಕ್ಕೂ ನಮಗೂ ಎಷ್ಟೋ ಕಾಲದ ಹಿಂದೆ ಮುತ್ತಜ್ಜ ಒಬ್ಬನೇ. ನೀನು ಹುಟ್ಟಿದೆ ಅಂತ ನಿಮ್ಮ ದೊಡ್ಡಪ್ಪನ ಮಕ್ಕಳು ಇಲ್ಲವಾಗ್ತಾರಾ ಅನ್ನಿ, ಸಾಕು.

ಇದೇ ಪ್ರಶ್ನೆಯನ್ನು ಆ ಹುಡುಗನಷ್ಟೂ ಕುತೂಹಲ ಇಲ್ಲದೆ ಕೇಳಿದವರು ದೊಡ್ಡವರು. 2018ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಖಾತೆಯ ರಾಜ್ಯಮಂತ್ರಿಯಾಗಿದ್ದ ಸತ್ಯಪಾಲ್ ಸಿಂಗ್, ಕೋತಿ ಮನುಷ್ಯ ಆದದ್ದನ್ನು ನಮ್ಮ ಪೂರ್ವಿಕರು ಯಾರೂ ಕಂಡಿಲ್ಲ, ಡಾರ್ವಿನ್ ಹೇಳಿದ್ದು ತಪ್ಪು, ಶಾಲೆ ಕಾಲೇಜಿನ ಪಾಠದಿಂದ ತೆಗೆಯಬೇಕು ಅಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಇದನ್ನು ಅಲ್ಲಗಳೆದು ಹೇಳಿಕೆ ಕೊಟ್ಟವು. ಗಲಾಟೆ ಆಯಿತು, ತಣ್ಣಗಾಯಿತು. ಆಮೇಲೆ ಕೊರೋನಾ ಬಂತು. ಮಕ್ಕಳ ಹೊರೆ ಇಳಿಸುತ್ತೇವೆ ಅಂತ ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಅನ್ನುವ ಅಧ್ಯಾಯವನ್ನು ಕತ್ತರಿಸಿದರು. 2023ರಲ್ಲಿ ಅಚ್ಚಾಗಿ ಬಂದಾಗ ಅದರಲ್ಲಿ ಅನುವಂಶೀಯತೆ ಉಳಿದಿತ್ತು, ವಿಕಾಸ ಹೋಗಿತ್ತು. ಆ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ಸಹಿ ಹಾಕಿ ಬಹಿರಂಗ ಪತ್ರ ಬರೆದರು. ಅಮೆರಿಕದ ಪುಸ್ತಕ ವ್ಯಾಪಾರಿಗಳ ಹಳೆಯ ದಾರಿ ಇದು. ಬಟ್ಲರನ ಹಾಗೆ ಕಾನೂನು ಮಾಡುವ ಕಷ್ಟವೇ ಬೇಡ.

ಅವರು ಕೊಟ್ಟ ಸಮಾಧಾನ, ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಇದೆಯಲ್ಲ ಅಂತ. ಇದೆ. ಅಲ್ಲಿಗೆ ಹೋಗುವವರು ಯಾರು? ಡಾಕ್ಟರಾಗಬೇಕು ಅಂತ ಟ್ಯೂಷನ್‌ಗೆ ದುಡ್ಡು ಸುರಿಯುವ ಮನೆಗಳ ಮಕ್ಕಳು ಹೋಗುತ್ತಾರೆ. ನಮ್ಮ ಕೇರಿಯ ಹುಡುಗರಲ್ಲಿ ಎಷ್ಟೋ ಜನ ಹತ್ತಕ್ಕೇ ನಿಂತು ಗಾರೆ ಕೆಲಸಕ್ಕೆ ಹೋಗುತ್ತಾರೆ, ಐಟಿಐಗೆ ಹೋಗುತ್ತಾರೆ, ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಮುಂದೆ ಓದಿದರೂ ಆರ್ಟ್ಸು ತಗೋತಾರೆ. ಎಲ್ಲ ಮನುಷ್ಯರೂ ಒಂದೇ ಬಳ್ಳಿಯ ಕಾಯಿ ಅಂತ ಪುರಾವೆ ಸಮೇತ ಹೇಳುವ ಪಾಠ ಅವರಿಗೆ ಹತ್ತನೇ ತರಗತಿಯಲ್ಲಿ ಸಿಗದಿದ್ದರೆ ಮತ್ತೆಲ್ಲೂ ಸಿಗುವುದಿಲ್ಲ. ಬಾಯಿ, ತೋಳು, ತೊಡೆ, ಪಾದದ ಕಥೆಯಾದರೋ ಮದುವೆ ಮನೆಯಲ್ಲಿ, ಟಿವಿಯಲ್ಲಿ, ಮಠದ ಭಾಷಣದಲ್ಲಿ ಪುಕ್ಕಟೆ ಸಿಗುತ್ತಲೇ ಇರುತ್ತದೆ.

ಪಾಠ ತೆಗೆದಿದ್ದಾರೆ ಅಷ್ಟೇ. ಹೇಳಿದ ಮೇಷ್ಟ್ರಿಗೆ ದಂಡ ಅಂತ ಈ ದೇಶದಲ್ಲಿ ಕಾನೂನು ಇಲ್ಲ. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿಯಲ್ಲಿ 1976ರಿಂದ ಬರೆದಿದೆ. 2022ಕ್ಕೆ ಮೊದಲು ಅಚ್ಚಾದ ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕ ಎಷ್ಟೋ ಶಾಲೆಗಳ ಬೀರುಗಳಲ್ಲಿ, ಪಾಸಾಗಿ ಹೋದ ಹುಡುಗರ ಮನೆಯ ಅಟ್ಟಗಳಲ್ಲಿ ಬಿದ್ದಿರುತ್ತದೆ. ತೆಗೆದು ನೋಡಿ, ಒಂಬತ್ತನೇ ಅಧ್ಯಾಯ.